ರೆಕ್ಕೆ ಕಟ್ಟುವ ಗಂಟು

ವಿಮಾನದ ರೇಡಿಯೋ ಕೆಟ್ಟರೆ ಏನು ಮಾಡಬೇಕು ಎಂಬುದನ್ನು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಜಯನಗರ ಮೂರನೇ ಬ್ಲಾಕಿನಲ್ಲಿ ಒಂದು ಬೇಕರಿಯ ಮೇಲಿದ್ದ ಕೋಣೆ. ಪೈಲಟ್ ಆಗಲು ಹೊರಟವರು ರೇಡಿಯೋದಲ್ಲಿ ಮಾತನಾಡುವ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. ಅದಕ್ಕೆ ತಯಾರು ಮಾಡುವ ಕೋಚಿಂಗ್ ಕ್ಲಾಸು ನಮ್ಮದು. ಸಂಜೆ ನಾಲ್ಕಕ್ಕೆ ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ಪರಿಮಳ ಮೇಲೆ ಬಂದರೆ ಸಾಕು, ಆಕಾಶದಲ್ಲಿ ಹಾರಬೇಕಾದವರೆಲ್ಲ ಮೆಟ್ಟಿಲ ಕಡೆ ನೋಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ದೊಡ್ಡ ಕಾರಣವೇನೂ ಬೇಕಾಗಿಲ್ಲ.

ಬೋರ್ಡಿನ ಮೇಲೆ ಎರಡು ಡಬ್ಬಿ ಬರೆಯುತ್ತಿದ್ದೆ. ಒಂದು ಕೇಳಿಸಿಕೊಳ್ಳುವ ಭಾಗ, ಇನ್ನೊಂದು ಮಾತು ಕಳಿಸುವ ಭಾಗ. "ರೇಡಿಯೋ ಸತ್ತೋಯ್ತು ಅಂತ ಒದ್ದಾಡೋದಕ್ಕೆ ಮುಂಚೆ, ಸತ್ತಿರೋದು ಯಾವುದು ಅಂತ ಯೋಚನೆ ಮಾಡಿ. ಎರಡೂ ಒಟ್ಟಿಗೇ ಕೆಡೋದು ಕಮ್ಮಿ. ನಿಮಗೆ ಉತ್ತರ ಬರ್ತಿಲ್ಲ ಅಂದ್ರೆ ನಿಮ್ಮ ಮಾತು ಅಲ್ಲಿಗೆ ತಲುಪ್ತಿಲ್ಲ ಅಂತ ಅರ್ಥ ಅಲ್ಲ. ಮಾತು ನಿಲ್ಲಿಸ್ಬೇಡಿ. ಎಲ್ಲಿದೀರಿ, ಏನ್ ಮಾಡ್ತಿದೀರಿ, ಎರಡೆರಡು ಸಲ ಹೇಳ್ತಾ ಇರಿ. ಇಳಿಯೋವರೆಗೂ ಹೇಳ್ತಾ ಇರಿ." ಇದಕ್ಕೆ ನಮ್ಮಲ್ಲಿ ಕುರುಡು ಪ್ರಸಾರ ಎನ್ನುತ್ತಾರೆ. ಯಾರಾದರೂ ಕೇಳುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲದೆ ಮಾತನಾಡುವುದು. ಪ್ರತಿ ಬ್ಯಾಚಿಗೂ ಇದನ್ನು ಇದೇ ಮಾತಿನಲ್ಲಿ, ಇದೇ ದನಿಯಲ್ಲಿ ಹೇಳಿದ್ದೇನೆ.

ಇಷ್ಟೆಲ್ಲ ತಿಳಿದಿದ್ದ ನಾನು ನನ್ನ ಅಮ್ಮನ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಮೊದಲು ಅಮ್ಮನ ಬಗ್ಗೆ. ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವಿಬ್ಬರೇ ಜಯನಗರ ನಾಲ್ಕನೇ ಟಿ ಬ್ಲಾಕಿನ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ನಾನು ಪಿಯುಸಿಯಲ್ಲಿದ್ದಾಗಲೇ ತೀರಿಹೋಗಿದ್ದರು. ಅಮ್ಮ ಬ್ಲೌಸ್ ಹೊಲಿಯುತ್ತಿದ್ದಳು. ಟಿ ಬ್ಲಾಕಿನ ಅರ್ಧ ಹೆಂಗಸರ ತೋಳಿನ ಅಳತೆ ಅವಳಿಗೆ ಬಾಯಿಪಾಠ. ಯಾರು ದಪ್ಪಗಾಗಿದ್ದಾರೆ, ಯಾರು ಇಳಿದು ಹೋಗಿದ್ದಾರೆ ಎಂಬುದು ಡಾಕ್ಟರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಕೆಳಗೆ ಲೈನಿಂಗ್ ಬಟ್ಟೆಯ ಮೆತ್ತನೆಯ ಚೂರುಗಳ ಒಂದು ಗಂಟು. ಓದಿದ್ದು ಏಳನೇ ಕ್ಲಾಸು. ಇಂಗ್ಲಿಷಿನಲ್ಲಿ ಅಂಕಿ ಮಾತ್ರ ಬರುತ್ತಿತ್ತು.

ಬಿಎಸ್ಸಿ ಮುಗಿಸಿದ ಮೇಲೆ ಊರಾಚೆಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ನನಗೆ ಸೀಟು ಸಿಕ್ಕಿತು. ಸುದ್ದಿ ಇಡೀ ಬೀದಿಗೆ ಹರಡಿತು. ಬ್ಲೌಸ್ ಅಳತೆ ಕೊಡಲು ಬಂದ ಒಬ್ಬರು, "ಓ, ಏರ್ ಹೋಸ್ಟೆಸ್ಸಾ? ಒಳ್ಳೇ ಕೆಲಸ ಬಿಡಿ, ಆದ್ರೆ ಮದುವೆ ಆದ್ಮೇಲೆ ಕಷ್ಟ" ಎಂದರು. ಅಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಕಾಫಿ ಕೊಡೋಕಲ್ಲ, ಓಡ್ಸೋಕೆ" ಎಂದಳು. ಮುಂದಿನ ತಿಂಗಳು ಅವರ ಬ್ಲೌಸು ಸ್ವಲ್ಪ ಬಿಗಿಯಾಗಿತ್ತಂತೆ.

ಕ್ಲಬ್ಬಿಗೆ ಎರಡು ಬಸ್ಸು ಹಿಡಿದು ಹೋಗಬೇಕಿತ್ತು. ಬೆಳಗಿನ ಜಾವ ಎದ್ದು ಹೊರಟರೆ ಎಂಟಕ್ಕೆ ತಲುಪುತ್ತಿದ್ದೆ. ಎರಡು ಸೀಟಿನ ಚಿಕ್ಕ ವಿಮಾನ, ಬಾಗಿಲು ಹಾಕಿದರೆ ಡಬ್ಬಿ ಮುಚ್ಚಿದಂತೆ ಸದ್ದು ಬರುತ್ತಿತ್ತು. ಹಾರಾಟ ಮುಗಿದ ಮೇಲೆ ಅದರ ಎರಡು ರೆಕ್ಕೆಗಳನ್ನೂ ನೆಲದ ಕೊಂಡಿಗೆ ಹಗ್ಗದಿಂದ ಕಟ್ಟಬೇಕು. ಇಲ್ಲದಿದ್ದರೆ ಜೋರು ಗಾಳಿಗೆ ಖಾಲಿ ವಿಮಾನ ತಾನಾಗಿಯೇ ಏಳುತ್ತದೆ. ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಆ ಗಂಟನ್ನು ಕಲಿಸಿಕೊಟ್ಟರು. ಎಳೆದಷ್ಟೂ ಬಿಗಿಯುವ, ಗೊತ್ತಿಲ್ಲದವರಿಗೆ ಬಿಚ್ಚಲು ಬಾರದ ಗಂಟು. "ಬೇರೆ ಏನು ಮರೆತ್ರೂ ಇದನ್ನ ಮರೀಬೇಡಮ್ಮ" ಎಂದಿದ್ದರು. ನಾನು ಮರೆಯಲಿಲ್ಲ.

ರೇಡಿಯೋ ಕೆಟ್ಟಾಗ, ರನ್‌ವೇ ಪಕ್ಕದ ಟವರಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವರು ಒಂದು ದೊಡ್ಡ ದೀಪವನ್ನು ವಿಮಾನದತ್ತ ಹಿಡಿದು ಬಣ್ಣದಲ್ಲಿ ಮಾತನಾಡುತ್ತಾರೆ. ಆರದೆ ಉರಿಯುವ ಹಸಿರು ಎಂದರೆ ಇಳಿ. ಆರದೆ ಉರಿಯುವ ಕೆಂಪು ಎಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಾ ಇರು. ಮಿಣುಕುವ ಕೆಂಪು ಎಂದರೆ ಇಲ್ಲಿ ಇಳಿಯಬೇಡ. ಕಂಡಿತು, ಅರ್ಥವಾಯಿತು ಎನ್ನಲು ಪೈಲಟ್ ವಿಮಾನದ ರೆಕ್ಕೆಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಬೇಕು. ಇದನ್ನೆಲ್ಲ ನಾನು ಗಟ್ಟಿ ಮಾಡುತ್ತಾ ಕೂತಿದ್ದಾಗ ಅಮ್ಮ ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು.

"ಓದಿದ್ರೆ ಬರಲ್ಲ ಇದು. ಮಾಡಿದ್ರೆ ಬರುತ್ತೆ," ಎಂದಳು.

ಹಬ್ಬಕ್ಕೆ ತಂದಿಟ್ಟಿದ್ದ ಬಣ್ಣದ ಜಿಲೇಟಿನ್ ಕಾಗದವನ್ನು ದುಂಡಗೆ ಕತ್ತರಿಸಿ, ಎಲಾಸ್ಟಿಕ್ ಹೊಲಿದು, ಟಾರ್ಚಿನ ಮುಖಕ್ಕೆ ಹಾಕಿ ತೆಗೆಯುವ ಎರಡು ಟೋಪಿ ಮಾಡಿದಳು. ಒಂದು ಕೆಂಪು, ಒಂದು ಹಸಿರು. ಮುಸ್ಸಂಜೆ ಅವಳು ತಾರಸಿ ಹತ್ತುತ್ತಿದ್ದಳು, ಅವಳು ಟವರ್. ನಾನು ಕೆಳಗೆ ಪಾರ್ಕಿನ ಸುತ್ತ ನಡೆಯುತ್ತಿದ್ದೆ, ನಾನು ವಿಮಾನ. ತಾರಸಿಯ ಮೇಲೆ ಬಣ್ಣ ಕಂಡ ತಕ್ಷಣ ಎರಡು ಕೈ ಚಾಚಿ ಎಡಕ್ಕೂ ಬಲಕ್ಕೂ ವಾಲಬೇಕು. ವಾಕಿಂಗ್ ಬಂದ ರಿಟೈರ್ಡ್ ಅಂಕಲ್‌ಗಳು ನಿಂತು ನೋಡುತ್ತಿದ್ದರು. ಇಪ್ಪತ್ತೊಂದು ವರ್ಷದ ಹುಡುಗಿ ಬೀದಿಯಲ್ಲಿ ರೆಕ್ಕೆ ಬಿಚ್ಚಿಕೊಂಡು ಹೋಗುತ್ತಿದ್ದರೆ ಯಾರು ತಾನೇ ನೋಡುವುದಿಲ್ಲ. ನನಗೆ ನಾಚಿಕೆ. ಅಮ್ಮನಿಗೆ ಅದೆಲ್ಲ ಇಲ್ಲ. ನಾನು ಸರಿಯಾಗಿ ವಾಲದಿದ್ದರೆ ಅವಳು ಟಾರ್ಚ್ ಆರಿಸುತ್ತಲೇ ಇರಲಿಲ್ಲ. ಉತ್ತರ ಬರುವವರೆಗೆ ದೀಪ ಹಿಡಿದೇ ಇರಬೇಕು ಎಂದು ನಾನೇ ಅವಳಿಗೆ ಪಾಠ ಹೇಳಿಕೊಟ್ಟಿದ್ದೆ.

ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಕೆಳಗಿನ ಓನರ್ ಆಂಟಿಯ ಮನೆಯಲ್ಲಿತ್ತು. ಅದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದ್ದೆವು. ಹಾರಿ ಇಳಿದ ಮೇಲೆ ನಾನು ಕ್ಲಬ್ಬಿನ ಹೊರಗಿದ್ದ ಬೂತಿನಿಂದ ಒಂದೇ ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು. ಓನರ್ ಆಂಟಿ ಪೊರಕೆಯ ಹಿಡಿಯಿಂದ ತಮ್ಮ ಸೀಲಿಂಗಿಗೆ ಒಂದು ಸಲ ಕುಟ್ಟಬೇಕು. ಅಮ್ಮನ ಕಾಲ ಕೆಳಗೆ ಟಕ್ ಎಂದು ಸದ್ದಾದರೆ ಮಗಳು ನೆಲದ ಮೇಲಿದ್ದಾಳೆ ಎಂದರ್ಥ. ಆಮೇಲೆ ಅವಳು ಅನ್ನಕ್ಕಿಡುತ್ತಿದ್ದಳು.

ಆ ದಿನ ನಾನು ಒಬ್ಬಳೇ ಹಾರುತ್ತಿದ್ದೆ. ಕ್ಲಬ್ಬಿನಿಂದ ಸ್ವಲ್ಪ ದೂರದ ಒಂದು ಕೆರೆಯ ಮೇಲೆ ತಿರುವುಗಳನ್ನು ಅಭ್ಯಾಸ ಮಾಡಿ ವಾಪಸ್ ಬರಬೇಕು. ಕೆರೆಯ ಮೇಲಿದ್ದಾಗ ಕಿವಿಯಲ್ಲಿ ಒಂದು ಗುಂಯ್ ಸದ್ದು ಬಂತು, ಆಮೇಲೆ ಏನೂ ಇಲ್ಲ. ಯಾವಾಗಲೂ ಯಾರದ್ದಾದರೂ ಮಾತು, ಕೆಮ್ಮು, ಗರಗರ ಇರುತ್ತಿದ್ದ ಜಾಗದಲ್ಲಿ ಏನೂ ಇಲ್ಲ. ವಾಲ್ಯೂಮ್ ನೋಡಿದೆ. ಹೆಡ್‌ಫೋನಿನ ಪಿನ್ನು ಕಿತ್ತು ಮತ್ತೆ ಚುಚ್ಚಿದೆ. ಫ್ರೀಕ್ವೆನ್ಸಿ ಸರಿ ಇತ್ತು. ಸ್ವಿಚ್ ಆರಿಸಿ ಹಾಕಿದೆ. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು, ವಿಮಾನಕ್ಕೆ ಏನೂ ಆಗಿರಲಿಲ್ಲ.

ಪಾಠದಲ್ಲಿ ಓದಿದಂತೆ ಮಾತನಾಡುತ್ತಾ ಹೋದೆ. ವಿಮಾನದ ಗುರುತು, ಎಲ್ಲಿದ್ದೇನೆ, ಎಷ್ಟು ಎತ್ತರ, ಏನು ಮಾಡುತ್ತೇನೆ, ಎಲ್ಲವನ್ನೂ ಎರಡೆರಡು ಸಲ. ಉತ್ತರವಿಲ್ಲ. ರನ್‌ವೇ ಮೇಲೆ ಸುತ್ತು ಹಾಕಲು ಬಂದಾಗ ಟವರಿನ ಗಾಜಿನ ಹಿಂದೆ ಕೆಂಪು ಕಂಡಿತು. ರೆಕ್ಕೆ ವಾಲಿಸಿದೆ. ಇನ್ನೊಂದು ವಿಮಾನ ಇಳಿಯುತ್ತಿತ್ತು. ಒಂದು ಸುತ್ತು ಹಾಕಿದೆ. ಮತ್ತೆ ಕೆಂಪು. ಆಗ ನನ್ನ ಇಂಗ್ಲಿಷೆಲ್ಲ ಹಾರಿಹೋಯಿತು. "ಅಮ್ಮಾ, ಹಸಿರು ಹಾಕಮ್ಮಾ, ಹಸಿರು ಹಾಕು" ಎಂದು ಅತ್ತುಕೊಂಡು ಕೂಗಿದೆ. ಮಾತು ಕಳಿಸುವ ಬಟನ್ ಒತ್ತಿಯೇ ಇತ್ತು. ಮೂರನೇ ಸುತ್ತಿಗೆ ಹಸಿರು ಬಂತು. ನಮ್ಮ ತಾರಸಿಯ ಹಸಿರಿಗಿಂತ ಬಹಳ ದೊಡ್ಡದು, ಆದರೆ ಅದೇ ಬಣ್ಣ. ರೆಕ್ಕೆ ವಾಲಿಸಿ, ಸುತ್ತು ಮುಗಿಸಿ ಇಳಿದೆ.

ಟವರಿನಲ್ಲಿದ್ದವರು ಕೆಳಗಿಳಿದು ಬಂದು ನಗುತ್ತಿದ್ದರು. "ನೀನು ಹೇಳಿದ್ದು ಒಂದೊಂದು ಅಕ್ಷರಾನೂ ಕೇಳಿಸ್ತಿತ್ತು ಕಣಮ್ಮ. ನಮ್ದು ನಿಂಗೆ ಕೇಳಿಸ್ತಿರಲಿಲ್ಲ, ಅಷ್ಟೇ. ನೀನು ಬಾಯಿ ಮುಚ್ಕೊಂಡಿದ್ರೆ ನಮಗೆ ಕಷ್ಟ ಆಗ್ತಿತ್ತು. ಅಮ್ಮ ಅಂದ್ಯಲ್ಲ, ಅದಕ್ಕೇ ಹಾಕ್ದೆ ಹಸಿರು," ಎಂದರು. ಮುಂದೆ ತಿಂಗಳುಗಟ್ಟಲೆ ಕ್ಲಬ್ಬಿನಲ್ಲಿ ನನ್ನನ್ನು ಕಂಡವರೆಲ್ಲ ಅದೇ ಮಾತು ಹೇಳಿ ಕಾಲೆಳೆದರು. ಆ ಹೊತ್ತಿಗೆ ಮಾತ್ರ ನನಗೆ ನೆಲ ಸಿಕ್ಕಿದ್ದೇ ದೊಡ್ಡದಾಗಿತ್ತು. ನಡೆದದ್ದನ್ನು ಬರೆದು ಕೊಟ್ಟೆ. ರೇಡಿಯೋ ಬಿಚ್ಚುವುದನ್ನು ನೋಡುತ್ತಾ ನಿಂತೆ. ಎಲ್ಲರೂ ಸೇರಿ ಕ್ಯಾಂಟೀನಿನಲ್ಲಿ ಬೋಂಡಾ ತಿಂದೆವು. ರೆಕ್ಕೆ ಕಟ್ಟಿದೆ. ಒಂದು ರಿಂಗ್ ಕೊಡುವುದು ಮಾತ್ರ ಮರೆತುಹೋಯಿತು.

ಜಯನಗರದ ಬಸ್ಸಿನಿಂದ ಇಳಿದು ನಮ್ಮ ಬೀದಿಯ ಮೂಲೆಗೆ ಬಂದಾಗ ಕತ್ತಲಾಗುತ್ತಿತ್ತು. ನಮ್ಮ ತಾರಸಿಯ ಮೇಲೆ ಹಸಿರು ದೀಪ ಕಂಡಿತು. ಮಂಕಾಗಿತ್ತು, ಸೆಲ್ಲು ಮುಗಿಯುತ್ತಾ ಬಂದಿತ್ತು. ಗೇಟಿನ ಬಳಿ ಓನರ್ ಆಂಟಿ ನಿಂತಿದ್ದರು. "ಎಲ್ಲಿ ಹಾಳಾಗಿ ಹೋಗಿದ್ಯೇ? ಮಧ್ಯಾಹ್ನದಿಂದ ಮೇಲೇ ನಿಂತಿದಾಳೆ ನಿಮ್ಮಮ್ಮ. ಊಟಾನೂ ಇಲ್ಲ ಕಾಫೀನೂ ಇಲ್ಲ. ನಿಮ್ಮ ಕ್ಲಬ್ಬಿಗೆ ನಾನೇ ಹತ್ತು ಸಲ ಫೋನ್ ಮಾಡ್ದೆ, ಬರೀ ಎಂಗೇಜು!"

ನನಗೆ ಆಗ ಏನನ್ನಿಸಬೇಕಿತ್ತೋ ಅದು ಅನ್ನಿಸಲಿಲ್ಲ. ಇಡೀ ದಿನದ ಭಯ ಸಿಟ್ಟಾಗಿ ಹೊರಬಂತು. ಮೆಟ್ಟಿಲು ಹತ್ತಿ ಹೋಗಿ, "ಹಗಲು ಹೊತ್ತಲ್ಲಿ ಟಾರ್ಚ್ ಹಿಡಿದ್ರೆ ಯಾರಿಗೆ ಕಾಣುತ್ತಮ್ಮ? ಜನ ಹುಚ್ಚಿ ಅಂತಾರೆ" ಎಂದು ರೇಗಿದೆ.

ಬಿಸಿಲಿಗೆ ಅವಳ ಮುಖ ಕಪ್ಪಾಗಿತ್ತು. ತುಟಿ ಒಣಗಿತ್ತು. ಟಾರ್ಚನ್ನು ಇನ್ನೂ ನನ್ನ ಕಡೆಗೇ ಹಿಡಿದಿದ್ದಳು. "ರೆಕ್ಕೆ ಅಲ್ಲಾಡ್ಸು. ಆಮೇಲೆ ಬೈಯ್ಯುವಂತೆ," ಎಂದಳು.

ನಾನು ಎರಡೂ ಕೈ ಚಾಚಿ ವಾಲಿದೆ. ಅವಳು ಟಾರ್ಚ್ ಆರಿಸಿ, ನೀರಿನ ಟ್ಯಾಂಕಿಗೆ ಒರಗಿ ಕೂತುಬಿಟ್ಟಳು. ಆಮೇಲೆ ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅವಳು ಅಳಲಿಲ್ಲ. ಅನ್ನಕ್ಕಿಟ್ಟೇ ಇಲ್ಲ, ಉಪ್ಪಿಟ್ಟು ಮಾಡಲೇ ಎಂದು ಕೇಳಿದಳು.

ನಾನು ದೊಡ್ಡ ಪೈಲಟ್ ಆಗಲಿಲ್ಲ. ಮುಂದಿನ ಲೈಸೆನ್ಸಿಗೆ ಬೇಕಾದ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದೆ. ಎರಡು ಸಲ ಹೋದೆ, ಎರಡು ಸಲವೂ ಅದೇ. ಹಾರಲು ಬಾರದವರು ಪಾಠ ಮಾಡುತ್ತಾರೆ ಎಂದು ನನ್ನನ್ನು ನಾನೇ ಹಂಗಿಸಿಕೊಂಡು ಬೇಕರಿಯ ಮೇಲಿನ ಕ್ಲಾಸಿಗೆ ಸೇರಿದೆ. ಅಮ್ಮ ಆ ಸೋಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ರೆಕ್ಕೆಯ ಪದ್ಧತಿಯನ್ನು ಬಿಡಲಿಲ್ಲ. ಸಂಜೆ ಸ್ಕೂಟಿಯಲ್ಲಿ ಬಂದು ಗೇಟು ತೆಗೆದರೆ ಯಂತ್ರದ ಮುಂದೆ ಕೂತವಳು ಕಿಟಕಿಯಿಂದ ಅಂಗೈ ಎತ್ತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುವಳು. ನಾನೂ ಅಂಗೈ ವಾಲಿಸಿ ಒಳಗೆ ಬರಬೇಕು. ಆಮೇಲೆ ನಾವು ಜೆ.ಪಿ. ನಗರ ಆರನೇ ಹಂತದಲ್ಲಿ ಒಂದು ನೆಲಮಹಡಿಯ ಮನೆಗೆ ಹೋದೆವು. ಅಲ್ಲೂ ಕಿಟಕಿ, ಅಲ್ಲೂ ಗೇಟು, ಅಲ್ಲೂ ಅದೇ. ಒಂದು ದಿನ ಕ್ಲಾಸಿನಲ್ಲಿ ಯಾರ ಮೇಲೋ ರೇಗಿ ಬಂದಿದ್ದವಳು, "ಸಾಕು ಬಿಡಮ್ಮ, ಇನ್ನೂ ಚಿಕ್ಕ ಹುಡುಗೀನಾ ನಾನು" ಎಂದೆ. ಮಾರನೆಯ ದಿನವೂ ಅವಳು ಕೈ ಎತ್ತಿದಳು. ನಾನು ನೋಡದವಳಂತೆ ಒಳಗೆ ಹೋದೆ. ಇನ್ನೊಂದು ವಾರ ಹೀಗೇ ಆಯಿತು. ಆಮೇಲೆ ಅವಳು ಕೈ ಎತ್ತುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದು ಯಾವ ದಿನ ಎಂಬುದನ್ನೂ ನಾನು ಗಮನಿಸಲಿಲ್ಲ.

ಅದಾಗಿ ಎರಡೋ ಮೂರೋ ವರ್ಷಕ್ಕೆ, ಒಂದು ಮಧ್ಯಾಹ್ನ, ಯಾರದ್ದೋ ಬ್ಲೌಸಿಗೆ ತೋಳು ಕೂಡಿಸುತ್ತಿದ್ದಾಗ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತು ಹೋಯಿತು. ನುಂಗಲು ಆಗುತ್ತಿರಲಿಲ್ಲ, ಮೂಗಿನಲ್ಲಿ ನಳಿಗೆ ಹಾಕಿ ಗಂಜಿ ಬಿಡಬೇಕಿತ್ತು. ಆಸ್ಪತ್ರೆಯಲ್ಲಿ ಎರಡನೇ ದಿನ ಅವಳು ಎಡಗೈಯಿಂದ ಆ ನಳಿಗೆಯನ್ನು ಕಿತ್ತು ಹಾಕಿದಳು. ನರ್ಸಮ್ಮ ಕೈಯನ್ನು ಮಂಚದ ಕಂಬಿಗೆ ಕಟ್ಟಿದರು.

ಡಾಕ್ಟರ್ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ಮಾತಂತೂ ಹೋಗಿದೆ. ಎಷ್ಟು ಅರ್ಥ ಆಗ್ತಿದೆ ಅಂತ ಈಗಲೇ ಹೇಳೋಕಾಗಲ್ಲ. ನೀವು ಮಾತಾಡಿಸ್ತಾ ಇರಿ." ಮೂರು ವಾಕ್ಯ. ನಾನು ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಮನೆಗೆ ಬಂದೆ.

ಪೂರ್ತಿ ಸುಳ್ಳು ಹೇಳಬಾರದು, ಮೊದಲ ವಾರ ಪ್ರಯತ್ನ ಮಾಡಿದೆ. "ಅಮ್ಮ, ನಾನ್ಯಾರು ಗೊತ್ತಾ?" ಎಂದರೆ ತಲೆ ಆಡಿಸುತ್ತಿದ್ದಳು. "ನೋವಾಗ್ತಿದ್ಯಾ?" ಎಂದರೂ ಆಡಿಸುತ್ತಿದ್ದಳು. "ನೋವಿಲ್ವಾ?" ಎಂದರೂ ಅದೇ. ಪರೀಕ್ಷೆ ಮಾಡೋಣವೆಂದು, "ಇದು ಮೈಸೂರಾ?" ಎಂದೆ. ಅದಕ್ಕೂ ತಲೆ ಆಡಿಸಿದಳು. ಅಲ್ಲಿಗೆ ನಾನು ತೀರ್ಮಾನ ಮಾಡಿಬಿಟ್ಟೆ. ಉತ್ತರ ಕೆಟ್ಟಿದೆ ಎಂದರೆ ಕೇಳಿಸಿಕೊಳ್ಳುವುದೂ ಕೆಟ್ಟಿದೆ ಎಂದು. ನನ್ನ ವಿದ್ಯಾರ್ಥಿ ಯಾರಾದರೂ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಹಾಕಿ ಪೇಪರನ್ನು ಮುಖದ ಮೇಲೆ ಎಸೆಯುತ್ತಿದ್ದೆ.

ಹಗಲು ಅವಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿಕೊಂಡೆ. ಬಾಗಲಕೋಟೆ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ನನಗಿಂತ ಸ್ವಲ್ಪ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ಬೆಳಿಗ್ಗೆ ಅವರು ಬಂದ ಮೇಲೆ ನಾನು ಕ್ಲಾಸಿಗೆ ಹೋಗುವುದು, ಸಂಜೆ ನಾನು ಬಂದ ಮೇಲೆ ಅವರು ಹೊರಡುವುದು. ಒಳಗೆ ಬರುತ್ತಲೇ ನಾನು ಅಕ್ಕನನ್ನು ಕೇಳುತ್ತಿದ್ದೆ: ಗಂಜಿ ಹೋಯ್ತಾ, ಜ್ವರ ಇದೆಯಾ, ಮೋಷನ್ ಆಯ್ತಾ. ಎಲ್ಲವೂ ಅಮ್ಮನ ಬಗ್ಗೆ, ಒಂದೂ ಅಮ್ಮನಿಗಲ್ಲ. ಅಮ್ಮನ ಎಡಗೈ ಹೊದಿಕೆಯಿಂದ ಮೇಲೆದ್ದಿರುತ್ತಿತ್ತು. ಮತ್ತೆ ನಳಿಗೆಗೆ ಕೈ ಹಾಕುತ್ತಿದ್ದಾಳೆ ಎಂದು ಓಡಿಹೋಗಿ ಮಂಚದ ಕಂಬಿಗೆ ಕಟ್ಟುತ್ತಿದ್ದೆ. ಬೆಳಿಗ್ಗೆ ನಾನು ಹಾಕಿ ಹೋದ ಕಟ್ಟನ್ನು ಸಂಜೆ ಮೈ ಒರೆಸಲೆಂದು ಅಕ್ಕ ಬಿಚ್ಚಿರುತ್ತಾರೆ ಎಂದುಕೊಂಡಿದ್ದೆ. ಕಟ್ಟಲು ಅವಳದೇ ಲೈನಿಂಗ್ ಬಟ್ಟೆಯ ಚೂರುಗಳಲ್ಲಿ ಒಂದು ಪಟ್ಟಿ ತೆಗೆದುಕೊಂಡಿದ್ದೆ, ಮೆತ್ತಗಿರಲಿ ಎಂದು. ಮಾಮೂಲಿ ಗಂಟು ಸಡಿಲವಾಗುತ್ತಿತ್ತು. ಅದಕ್ಕೆ ಕ್ಲಬ್ಬಿನಲ್ಲಿ ಕಲಿತ ಗಂಟು ಹಾಕುತ್ತಿದ್ದೆ. ಅಷ್ಟು ವರ್ಷದ ಮೇಲೂ ಕೈ ಅದನ್ನು ಮರೆತಿಲ್ಲವಲ್ಲ ಎಂದು ಹೆಮ್ಮೆಯೂ ಆಗಿತ್ತು.

ಫೋನಿನಲ್ಲಿ ವಿಚಾರಿಸಿದ ನೆಂಟರಿಗೆಲ್ಲ ಅವಳ ಮಂಚದ ಪಕ್ಕದಲ್ಲೇ ನಿಂತು ಹೇಳುತ್ತಿದ್ದೆ. "ಏನೂ ಗೊತ್ತಾಗಲ್ಲ ಅವಳಿಗೆ. ಒಂಥರಾ ಹೋದ ಹಾಗೇ. ದೇಹ ಮಾತ್ರ ಇದೆ." ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತು ಪೇಪರ್ ತಿದ್ದುತ್ತಿದ್ದೆ. ಕೆಲವು ಸಂಜೆ ಅವಳ ಕಣ್ಣಿನ ತುದಿಯಿಂದ ನೀರಿಳಿಯುತ್ತಿತ್ತು. ಕಣ್ಣು ಒಣಗಿದರೆ ಹಾಗಾಗುತ್ತದೆ ಎಂದು ಯಾರೋ ಹೇಳಿದ್ದರು. ಡ್ರಾಪ್ಸ್ ಹಾಕುತ್ತಿದ್ದೆ.

ಹೀಗೆ ಹನ್ನೊಂದು ವಾರ ಕಳೆಯಿತು.

ಒಂದು ದಿನ ಕರೆಂಟ್ ಇಲ್ಲವೆಂದು ಕ್ಲಾಸು ಬೇಗ ಬಿಟ್ಟೆ. ನಾಲ್ಕು ಗಂಟೆಯ ಹೊತ್ತಿಗೆ ಗೇಟು ತೆಗೆದು ಒಳಗೆ ಬಂದರೆ, ಅಮ್ಮನ ಕೈಗೆ ಕಟ್ಟೇ ಇರಲಿಲ್ಲ. ಪಟ್ಟಿ ಕಂಬಿಯಿಂದ ಸುಮ್ಮನೆ ನೇತಾಡುತ್ತಿತ್ತು. ಕೈ ಮೇಲೆದ್ದಿತ್ತು. ಅಕ್ಕ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. "ಏನಕ್ಕ ಇದು? ನಳಿಗೆ ಕಿತ್ಕೊಂಡ್ರೆ ಯಾರು ಜವಾಬ್ದಾರಿ? ನಿಮ್ಮನ್ನ ಇಟ್ಕೊಂಡಿರೋದು ಯಾತಕ್ಕೆ?" ಎಂದು ಕೂಗಾಡಿದೆ.

ಅಕ್ಕ ಸೊಪ್ಪನ್ನು ಪಕ್ಕಕ್ಕಿಟ್ಟರು. ಅವರಿಗೂ ಬೇಜಾರಾಗಿತ್ತು. "ಹಗಲೆಲ್ಲಾ ಬಿಚ್ಚೇ ಇರತೈತ್ರಿ ಅಕ್ಕಾರ. ಆ ಗಂಟ ಬಿಚ್ಚೂದ ಕಲಿಯಾಕ ನನಗ ನಾಕ ದಿನಾ ಹಿಡೀತ್ರಿ. ಮನಿಗೆ ಬಂದಾಗಿಂದ ಒಂದ ದಿನಾನೂ ನಳಗಿ ಮುಟ್ಟಿಲ್ರಿ ಅವ್ರು. ಹಗಲೊತ್ತ ಕೈ ಎತ್ತೂದೂ ಇಲ್ಲ. ಗೇಟಿನ ಸಪ್ಪಳ ಆತಂದ್ರ, ನಿಮ್ಮ ದನಿ ಕೇಳತಂದ್ರ, ಅವಾಗಷ್ಟ ಎತ್ತತಾರ್ರಿ. ಹಿಂಗ ಮಾಡತಾರ್ರಿ."

ಅಕ್ಕ ತಮ್ಮ ಅಂಗೈಯನ್ನು ಎತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ತೋರಿಸಿದರು.

"ದಿನಾ ಮಾಡತಾರ್ರಿ. ನೀವು ಬಂದವ್ರ ಹಿಡದ ಕಟ್ಟತೀರಿ. ನಿಮ್ಮ ಮನ್ಯಾಗ ಹಂಗ ಮಾತಾಡತೀರೇನೋ ಅಂತ ಅನಕೊಂಡಿದ್ದೆ. ಮತ್ತ ಯಾಕ ಕಟ್ಟತೀರಿ ಅಂತ ಕೇಳೂದು ಹೆಂಗ್ರಿ?"

ಬ್ಯಾಗು ಹೆಗಲಲ್ಲೇ ಇತ್ತು, ಚಪ್ಪಲಿ ಕಾಲಲ್ಲೇ ಇತ್ತು. ಮಂಚದ ಹತ್ತಿರ ಹೋಗಿ ಅಮ್ಮನ ಮುಖ ನೋಡಿದೆ. ಹನ್ನೊಂದು ವಾರದಲ್ಲಿ ಮೊದಲ ಸಲ, ಒರೆಸುವುದಕ್ಕಲ್ಲದೆ, ಸುಮ್ಮನೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಅಮ್ಮ," ಎಂದೆ. "ಕೇಳಿಸ್ತಿದ್ರೆ ರೆಕ್ಕೆ ಅಲ್ಲಾಡ್ಸು."

ಎಡಗೈ ಇನ್ನಷ್ಟು ಮೇಲೆದ್ದಿತು. ಎಡಕ್ಕೆ ವಾಲಿತು. ಬಲಕ್ಕೆ ವಾಲಿತು. ನಿಲ್ಲಲಿಲ್ಲ. ನಾನು ಉತ್ತರ ಕೊಟ್ಟಿರಲಿಲ್ಲವಲ್ಲ, ಅದಕ್ಕೇ ಅವಳು ನಿಲ್ಲಿಸಲಿಲ್ಲ. ನಾನು ಚಪ್ಪಲಿ ಕಾಲಲ್ಲೇ, ಅಕ್ಕನ ಎದುರಿಗೇ, ಎರಡೂ ತೋಳು ಚಾಚಿ ಎಡಕ್ಕೂ ಬಲಕ್ಕೂ ವಾಲಿದೆ. ಆಗ ಅವಳು ಕೈ ಕೆಳಗಿಳಿಸಿದಳು.

ಆ ಸಂಜೆಯಿಂದ ನಾನು ಬಾಯಿ ಮುಚ್ಚಲಿಲ್ಲ. ಏನೇನೋ ಹೇಳಿದೆ. ಫೋನಿನಲ್ಲಿ ಹಾಗೆ ಹೇಳಿದ್ದಕ್ಕೆ ತಪ್ಪಾಯಿತು ಎಂದೆ. ಕಿಟಕಿಯಲ್ಲಿ ಅವಳು ಕೈ ಎತ್ತಿದಾಗ ನೋಡದವಳಂತೆ ಹೋದದ್ದಕ್ಕೆ ತಪ್ಪಾಯಿತು ಎಂದೆ. ಕ್ಲಾಸಿನಲ್ಲಿ ಯಾರು ಯಾರಿಗೆ ಲೈನ್ ಹೊಡೆಯುತ್ತಿದ್ದಾರೆ, ಬೇಕರಿಯವರು ಬಿಸ್ಕತ್ತಿನ ಗಾತ್ರ ಹೇಗೆ ಇಳಿಸಿದ್ದಾರೆ, ಎಲ್ಲ ಹೇಳಿದೆ. ಒಂದೊಂದನ್ನೂ ಎರಡೆರಡು ಸಲ. ಅರ್ಧಕ್ಕೆ ನಿಂತಿದ್ದ ಆ ಬ್ಲೌಸನ್ನು ತಂದು ತೋರಿಸಿ, ಇದರ ತೋಳು ಯಾರ ಕೈಲಿ ಕೂಡಿಸಲಿ ಎಂದೆ. ಅವಳ ಮುಖದ ಎಡಭಾಗದಲ್ಲಿ ನಗುವಿನಂಥದ್ದು ಬಂತು. ಅವಳ ತಲೆಯಾಟವನ್ನು ನಂಬಲಾಗುತ್ತಿರಲಿಲ್ಲ. ಎಲ್ಲ ಮಾತೂ ಅರ್ಥವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ನಾನು ನಿಲ್ಲಿಸಿ ಕಾದಾಗಲೆಲ್ಲ ಕೈ ಎದ್ದು ವಾಲುತ್ತಿತ್ತು. ಸಿಟ್ಟು ಬಂದವಳ ಹಾಗೆ ಬೇಗ ಬೇಗ ವಾಲಿಸುವುದೂ ಇತ್ತು, ಮುಂದೆ ಹೇಳು ಎನ್ನುವಂತೆ.

ನಮಗೆ ಸಿಕ್ಕಿದ್ದು ಆರು ದಿನ. ಎದೆಯಲ್ಲಿ ಕಫ ಕಟ್ಟಿತು, ಜ್ವರ ಏರಿತು. ಆಸ್ಪತ್ರೆಗೆ ಕರೆದೊಯ್ದೆವು. ಐದನೆಯ ದಿನ ಅವಳ ಕೈ ಅರ್ಧ ಎದ್ದು, ಎಡಕ್ಕೆ ಮಾತ್ರ ವಾಲಿ, ಬಿದ್ದುಹೋಯಿತು. ಆರನೆಯ ದಿನ ಏಳಲಿಲ್ಲ. ನಾನು ಮಾತನಾಡುತ್ತಲೇ ಇದ್ದೆ. ಡ್ಯೂಟಿಯಲ್ಲಿದ್ದ ಡಾಕ್ಟರ್ ಬಂದು, "ಮೇಡಂ, ಅವರಿಗೆ ಪ್ರಜ್ಞೆ ಇಲ್ಲ" ಎಂದರು. ನಾನು ಮಾತು ನಿಲ್ಲಿಸಲಿಲ್ಲ. ಅವರು ಇನ್ನೊಮ್ಮೆ ಬಂದು ನನ್ನ ಭುಜ ಮುಟ್ಟಿ ಬೇರೆ ಮಾತು ಹೇಳುವವರೆಗೂ ಹೇಳುತ್ತಿದ್ದೆ. ಎಲ್ಲಿದ್ದೇವೆ, ಎಷ್ಟು ಗಂಟೆ, ನಾನು ಪಕ್ಕದಲ್ಲೇ ಇದ್ದೇನೆ, ಅಮ್ಮ ಹಸಿರು ಹಾಕಿದ್ದೀನಿ, ಹಸಿರು ಹಾಕಿದ್ದೀನಿ.

ಮನೆಗೆ ತಂದ ಮೇಲೆ ಸ್ನಾನ ಮಾಡಿಸಲು ಅಕ್ಕ ನನ್ನ ಜೊತೆ ನಿಂತರು. ಬಲಗೈ ಅವರು ತೊಳೆದರು, ಎಡಗೈ ನಾನು ತೊಳೆದೆ. ಮಣಿಕಟ್ಟಿನ ಸುತ್ತ ಬಟ್ಟೆಯ ಪಟ್ಟಿ ಒತ್ತಿದ ಗೆರೆ ಇನ್ನೂ ಇತ್ತು. ಕಟ್ಟುವುದು ನಿಲ್ಲಿಸಿ ಆರು ದಿನವಾಗಿದ್ದರೂ ಹೋಗಿರಲಿಲ್ಲ. ಅರಿಶಿನ ಹಚ್ಚಿ ಉಜ್ಜಿದೆ. ಬಿಸಿನೀರು ಹುಯ್ದು ಉಜ್ಜಿದೆ. ಅಕ್ಕ, "ಬಿಡ್ರಿ, ಸಾಕು" ಎಂದರು. ನಾನು ಉಜ್ಜುತ್ತಲೇ ಇದ್ದೆ. ಆ ಗೆರೆ ಹಾಗೇ ಅವಳ ಜೊತೆ ಹೋಯಿತು.